ಸೋತ ಪ್ರಯೋಗದ ಯಜಮಾನ

ನಮ್ಮ ಸಂಘದ ಪತ್ರಿಕೆಯಲ್ಲಿ ದೊಡ್ಡವರ ಜೀವನ ಚಿತ್ರ ಅಂದರೆ ಕವಿಗಳದ್ದು, ಸ್ವಾತಂತ್ರ್ಯ ಹೋರಾಟಗಾರರದ್ದು, ವಿಜ್ಞಾನಿ ಬೇಕೆಂದರೆ ಎಡಿಸನ್ ಅಥವಾ ಮೇಡಂ ಕ್ಯೂರಿಯದ್ದು. ಎಲ್ಲರೂ ಗೆದ್ದವರೇ. ಈ ಸಲ ನಾನು ಸೋತವನೊಬ್ಬನ ಕಥೆ ಬರೆಯುತ್ತಿದ್ದೇನೆ. ಸೋತರೂ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಆತನ ಹೆಸರು ಮೊದಲನೇ ಪಾಠದಲ್ಲೇ ಬರುತ್ತದೆ. ನಾನು ಕಾಮರ್ಸಿನವ. ಆದರೆ ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತದ್ದರಿಂದ ಜೀವಕೋಶ, ಪತ್ರಹರಿತ್ತು, ಅಂಗಾಂಶ ಎಂಬ ಶಬ್ದಗಳು ಇನ್ನೂ ಬಾಯಲ್ಲಿ ಇವೆ. ಅವನ್ನು ಬಳಸಲು ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಸಿಗಲಿಕ್ಕಿಲ್ಲ.

ಮೊದಲು ಹೂವಿನ ಮಾತು. ಪುಣೆಯ ಹೂವಿನ ಪೇಟೆಯಲ್ಲಿ ನೇರಳೆ ಬಣ್ಣದ ಆರ್ಕಿಡ್ ಕಡ್ಡಿಗಳನ್ನು ಕಟ್ಟುಕಟ್ಟಾಗಿ ಮಾರುತ್ತಾರೆ. ಮದುವೆ ಮಂಟಪಕ್ಕೂ ಅದೇ, ಸತ್ಕಾರ ಸಮಾರಂಭದ ಗುಚ್ಛಕ್ಕೂ ಅದೇ. ಒಂದು ಕಟ್ಟು ಬಿಚ್ಚಿ ನೋಡಿ, ಎಲ್ಲ ಹೂವೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ: ಅದೇ ಬಣ್ಣ, ಅದೇ ಅಳತೆ. ನನ್ನ ಕೋಣೆಯ ಗೆಳೆಯ ಶಿರಸಿ ಕಡೆಯವ. ಅವರಲ್ಲಿ ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್ಡಿಗೆ ಸೀತಾಳೆ ದಂಡೆ ಅನ್ನುತ್ತಾರಂತೆ. ಅದನ್ನು ಕಾಡಿನಲ್ಲಿ ಹುಡುಕಿ ತರಬೇಕೇ ಹೊರತು ಹೀಗೆ ಗಟ್ಟಲೆ ಸಿಗುವ ಹೂವಲ್ಲ ಎಂದು ಅವನ ವಾದ. ಹಾಗಾದರೆ ಪೇಟೆಗೆ ಇಷ್ಟು ಎಲ್ಲಿಂದ ಬರ್ತದೆ? ಬಾಟಲಿಯಿಂದ. ಒಂದು ಗಿಡದ ಕಾಂಡದ ತುದಿಯನ್ನು ಚೂರು ಕತ್ತರಿಸಿ, ಗಾಜಿನ ಬಾಟಲಿಯಲ್ಲಿ ಸಕ್ಕರೆ ಮತ್ತು ಲವಣದ ಪಾಕ ಹಾಕಿ, ಅದರ ಮೇಲೆ ಕೂರಿಸಿದರೆ ಅಲ್ಲೇ ಸಾವಿರಾರು ಸಸಿ. ಇದಕ್ಕೆ ಅಂಗಾಂಶ ಕೃಷಿ ಎಂದು ಹೆಸರು. ಈ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಅದು 1902ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ಎಂಬ ಊರಿನ ಒಬ್ಬ ಪ್ರೊಫೆಸರನ ಮೇಜಿನ ಮುಂದೆ ನಿಲ್ಲುತ್ತದೆ. ಆತನ ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ.

ಆತನ ಹೆಸರು ಗೊಟ್ಲೀಬ್ ಹಾಬರ್‌ಲಾಂಟ್. ಹುಟ್ಟಿದ್ದು 1854ರ ನವೆಂಬರ್ 28ರಂದು, ಆಗ ಆಸ್ಟ್ರಿಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಹಂಗೇರಿಯ ಒಂದು ಸಣ್ಣ ಊರಿನಲ್ಲಿ. ಅಲ್ಲೊಂದು ಕೃಷಿ ವಿದ್ಯಾಲಯ. ತಂದೆ ಫ್ರೀಡ್ರಿಕ್ ಅಲ್ಲಿ ಪಾಠ ಹೇಳುತ್ತಿದ್ದ, ಮುಂದೆ ವಿಯೆನ್ನಾಕ್ಕೆ ಪ್ರೊಫೆಸರನಾಗಿ ಹೋದ. ಈ ತಂದೆಯದ್ದೇ ಒಂದು ಕಥೆ. 1873ರಲ್ಲಿ ವಿಯೆನ್ನಾದಲ್ಲಿ ಜಾಗತಿಕ ಪ್ರದರ್ಶನ ನಡೆಯಿತು. ಅಲ್ಲಿ ಚೀನಾ, ಜಪಾನುಗಳಿಂದ ಬಂದ ಸೋಯಾ ಅವರೆಯ ಬೀಜ ಆತನ ಕಣ್ಣಿಗೆ ಬಿತ್ತು. ತಂದು ಬಿತ್ತಿದ, ಬೆಳೆದ, ರೈತರಿಗೆ ಹಂಚಿದ, ಬಡವರ ಊಟಕ್ಕೆ ಇದು ದೊಡ್ಡ ಆಧಾರವಾದೀತು ಎಂದು 1878ರಲ್ಲಿ ಪುಸ್ತಕವನ್ನೇ ಬರೆದ. ಅದೇ ವರ್ಷ ತೀರಿಕೊಂಡ. ಯುರೋಪಿನ ರೈತರು ಆ ಬೆಳೆಯನ್ನು ಆಗ ಕೈಗೆತ್ತಿಕೊಳ್ಳಲಿಲ್ಲ. ಈಗ ಮಹಾರಾಷ್ಟ್ರದಲ್ಲೂ ನಮ್ಮ ಬೀದರ್ ಕಡೆಗೂ ಹೊಲಗಟ್ಟಲೆ ಸೋಯಾಬೀನ್ ನೋಡುವವರಿಗೆ ಫ್ರೀಡ್ರಿಕ್‌ನ ಅಂದಾಜು ಎಂಥದು ಎಂದು ಬೇರೆ ಹೇಳಬೇಕಾಗಿಲ್ಲ. ಹೊತ್ತಿಗೆ ಮುಂಚೆ ಸರಿಯಾದ್ದನ್ನು ಹೇಳಿ ಹೋಗುವುದು ಈ ಮನೆತನಕ್ಕೆ ತಂದೆಯಿಂದಲೇ ಬಂತೇನೋ ಅನ್ನಿಸುತ್ತದೆ.

ತಂದೆ ಹೋದಾಗ ಗೊಟ್ಲೀಬ್‌ಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ವರ್ಷ. ವಿಯೆನ್ನಾದಲ್ಲಿ 1876ರಲ್ಲಿ ಡಾಕ್ಟರೇಟ್ ಮುಗಿದಿತ್ತು. ಆಮೇಲೆ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಸೈಮನ್ ಶ್ವೆಂಡನರ್ ಎಂಬ ಗುರುವಿನ ಹತ್ತಿರ ಕೆಲಸ ಮಾಡಿದ. ಗಿಡದ ಕಾಂಡದಲ್ಲಿರುವ ನಾರುಗಳನ್ನು ಸೇತುವೆ ಕಟ್ಟುವ ಎಂಜಿನಿಯರನ ಕಣ್ಣಿನಿಂದ ನೋಡಿದವ ಈ ಶ್ವೆಂಡನರ್. ಶಿಷ್ಯ ಅದನ್ನು ಇಡೀ ಗಿಡಕ್ಕೆ ಹಬ್ಬಿಸಿದ. ಅಲ್ಲಿಯವರೆಗೆ ಗಿಡದ ಒಳರಚನೆ ಅಂದರೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕೆಲ್ಲ ಹೆಸರಿಟ್ಟು ಪಟ್ಟಿ ಮಾಡುವುದು, ನಮ್ಮ ಸ್ಟಾಕ್ ರಿಜಿಸ್ಟರಿನ ಹಾಗೆ. ಈ ಸಾಮಾನು ಇಲ್ಲೇಕೆ ಇದೆ, ಇದರ ಕೆಲಸ ಏನು ಎಂದು ಹಾಬರ್‌ಲಾಂಟ್ ಕೇಳಿದ. 1884ರಲ್ಲಿ ಆ ದೃಷ್ಟಿಯಿಂದ ಬರೆದ ದೊಡ್ಡ ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ನಲವತ್ತು ವರ್ಷ ಕಳೆದು 1924ರಲ್ಲಿ ಆರನೇ ಆವೃತ್ತಿ ಬಂತು.

ಆ ಪುಸ್ತಕದಲ್ಲಿ ಒಂದು ಸಂಗತಿ ಇದೆ, ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಕೆಲವು ಎಲೆಗಳಲ್ಲಿ ನರದ ಸುತ್ತ ಹಸಿರು ಕೋಶಗಳು ಹೂವಿನ ದಂಡೆಯಂತೆ ಎರಡು ಸುತ್ತು ಕಟ್ಟಿಕೊಂಡಿರುತ್ತವೆ. ಜರ್ಮನ್ ಭಾಷೆಯಲ್ಲಿ ದಂಡೆಗೆ ಕ್ರಾಂಟ್ಸ್ ಅನ್ನುತ್ತಾರೆ, ಆತ ಅದೇ ಹೆಸರಿಟ್ಟ. ಎರಡು ಸುತ್ತಿನ ಕೋಶಗಳೂ ಕೆಲಸ ಹಂಚಿಕೊಂಡಿರಬೇಕು ಎಂದೂ ಊಹಿಸಿದ. ಆ ಹಂಚಿಕೆ ಏನೆಂದು ಕಬ್ಬಿನ ಎಲೆಯಲ್ಲಿ ತಿಳಿದದ್ದು 1960ರ ದಶಕದಲ್ಲಿ, ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬವರಿಂದ. ಬಿಸಿಲಿನಲ್ಲಿ ಕಡಿಮೆ ನೀರಿಗೆ ಹೆಚ್ಚು ಸಕ್ಕರೆ ಮಾಡುವ ಯುಕ್ತಿ ಅದು. ನಮ್ಮ ಜೋಳ, ರಾಗಿ, ಗೋವಿನಜೋಳ ಎಲ್ಲದರ ಎಲೆಯಲ್ಲೂ ಈ ದಂಡೆ ಇದೆ. ಬಿಜಾಪುರದ ಬಿಸಿಲಿಗೆ ಜೋಳ ಹೇಗೆ ತಡೆದುಕೊಳ್ತದೆ ಎನ್ನುವುದಕ್ಕೆ ಅರ್ಧ ಉತ್ತರ ಅಲ್ಲಿದೆ.

1880ರಿಂದ ಆತನ ಊರು ಗ್ರಾಟ್ಸ್. 1888ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪೂರ್ಣ ಪ್ರೊಫೆಸರನಾದ. 1891-92ರ ಚಳಿಗಾಲದಲ್ಲಿ ಜಾವಾ ದ್ವೀಪದ ಬೌಟನ್‌ಜೋರ್ಗ್ ತೋಟಕ್ಕೆ ಹೋಗಿಬಂದ. ಈಗ ಆ ಊರಿಗೆ ಬೋಗೋರ್ ಅನ್ನುತ್ತಾರೆ. ದಿನಾ ಮಳೆ ಬೀಳುವ ಊರು, ಮರದ ಮೇಲೆ ಮರ, ಅದರ ಮೇಲೆ ಆರ್ಕಿಡ್. ತಿರುಗಿ ಬಂದು ಪ್ರವಾಸ ಕಥನವನ್ನೂ ಬರೆದ. ಮುಟ್ಟಿದರೆ ಮುನಿ ಗಿಡ ಹೇಗೆ ಮುದುಡುತ್ತದೆ ಎಂಬ ಬಗ್ಗೆ 1890ರಲ್ಲಿ ಆತ ಕೊಟ್ಟ ವಿವರಣೆಯನ್ನು ಕಲಕತ್ತೆಯ ಜಗದೀಶಚಂದ್ರ ಬೋಸರು ಒಪ್ಪಲಿಲ್ಲ. ಗಿಡದೊಳಗಿನ ನೀರಿನ ಒತ್ತಡ ಸುದ್ದಿ ಒಯ್ಯುತ್ತದೆ ಎಂದು ಈತ, ವಿದ್ಯುತ್ತು ಒಯ್ಯುತ್ತದೆ ಎಂದು ಬೋಸರು. ಗಿಡದ ಬೇರಿಗೆ ಕೆಳಗೆ ಯಾವುದು, ಮೇಲೆ ಯಾವುದು ಎಂದು ತಿಳಿಸುವುದು ಕೋಶದೊಳಗೆ ಉರುಳಾಡುವ ಪಿಷ್ಟದ ಕಣಗಳು ಎಂದು 1900ರಲ್ಲಿ ಆತ ಹೇಳಿದ್ದು ಮಾತ್ರ ಇವತ್ತಿಗೂ ನಿಂತಿದೆ. ಒಟ್ಟಿನಲ್ಲಿ ಹೆಸರುವಾಸಿ ಮನುಷ್ಯ. ಸೋಲಬೇಕಾದ ಅಗತ್ಯ ಆತನಿಗೇನೂ ಇರಲಿಲ್ಲ.

ಆದರೂ ಹೊಸದೊಂದಕ್ಕೆ ಕೈ ಹಾಕಿದ. ಎಲ್ಲ ಜೀವಿಗಳೂ ಕೋಶಗಳಿಂದ ಆಗಿವೆ ಎಂದು 1838-39ರಲ್ಲೇ ಶ್ಲೈಡನ್ ಮತ್ತು ಶ್ವಾನ್ ಹೇಳಿದ್ದರು. ಗಿಡ ಎನ್ನುವುದು ಕೋಶಗಳ ಒಂದು ಊರು. ಒಂದು ಕೋಶವನ್ನು ಆ ಊರಿನಿಂದ ಹೊರಗೆ ಕರೆದು, ಬೇಕಾದ ಊಟ ಕೊಟ್ಟು ಬಿಟ್ಟರೆ ಅದು ಒಂದೇ ಒಂದು ಮತ್ತೆ ಇಡೀ ಊರನ್ನು ಕಟ್ಟಬಲ್ಲದೇ? ಎಲೆಯ ಕೆಲಸಕ್ಕೆ ಸೇರಿದ ಕೋಶ ಸಾಯೋವರೆಗೆ ಎಲೆಯೇನೋ, ಇಲ್ಲಾ ಅದರೊಳಗೆ ಬೇರು, ಕಾಂಡ, ಹೂವು ಎಲ್ಲದರ ಲೆಕ್ಕಪತ್ರ ಇನ್ನೂ ಜೋಪಾನವಾಗಿ ಇದೆಯೋ? ಇದನ್ನು ಬರೀ ಚರ್ಚೆ ಮಾಡದೆ ಮಾಡಿ ನೋಡಿದವರಲ್ಲಿ ಹಾಬರ್‌ಲಾಂಟ್ ಮೊದಲಿಗ.

ತುಳಸಿಯ ಬಳಗದ ಒಂದು ಕಳೆಗಿಡವನ್ನು ಆರಿಸಿಕೊಂಡ. ಅದರ ಎಲೆಯ ಮೇಲ್ಭಾಗದಲ್ಲಿ ಉದ್ದುದ್ದ ಹಸಿರು ಕೋಶಗಳು ಕಂಬದ ಸಾಲಿನಂತೆ ನಿಂತಿರುತ್ತವೆ. ಅವನ್ನು ಬಿಡಿಬಿಡಿಯಾಗಿ ತೆಗೆದ. ಮೈಗೆ ತಾಗಿದರೆ ಉರಿಯುವ ಗಿಡದ ರೋಮದ ಕೋಶಗಳನ್ನೂ ತೆಗೆದ. ಅಂತರಗಂಗೆಯ ಎಲೆದಂಟಿನ ಕೋಶಗಳನ್ನೂ ತೆಗೆದ. ಪುಣೆಯಲ್ಲಿರುವವರು ಮುಳಾ-ಮುಠಾ ನದಿಯನ್ನು ಮುಚ್ಚಿಬಿಡುವ ಜಲಪರ್ಣಿ ನೋಡಿದ್ದೀರಲ್ಲ, ಅದೇ. ಲವಣಗಳ ದ್ರಾವಣಕ್ಕೆ ಸಕ್ಕರೆ ಬೆರೆಸಿ ಈ ಕೋಶಗಳನ್ನು ಅದರಲ್ಲಿ ತೇಲಿಬಿಟ್ಟು ದಿನಾ ನೋಡುತ್ತಾ ಹೋದ.

ಕೋಶಗಳು ಸಾಯಲಿಲ್ಲ. ಅದೇ ಮೊದಲ ಆಶ್ಚರ್ಯ. ಕೆಲವು ಸುಮಾರು ಒಂದು ತಿಂಗಳು ಬದುಕಿದವು. ಬೆಳಕಿನಲ್ಲಿ ಪಿಷ್ಟ ಮಾಡಿದವು, ಉಬ್ಬಿ ಮೊದಲಿಗಿಂತ ಬಹಳ ದೊಡ್ಡದಾದವು. ಒಂದು ಎರಡಾಗುವುದು ಮಾತ್ರ ಆಗಲಿಲ್ಲ. ಯಾವ ಗಿಡದ ಕೋಶವೂ, ಯಾವ ದ್ರಾವಣದಲ್ಲೂ, ಒಂದೇ ಒಂದು ಸಲವೂ ಒಡೆದು ಎರಡಾಗಲಿಲ್ಲ.

ಇಂಥ ಫಲಿತಾಂಶವನ್ನು ಮಾಮೂಲಿಯಾಗಿ ಏನು ಮಾಡ್ತಾರೆ? ಡ್ರಾಯರಿನಲ್ಲಿ ಹಾಕಿ ಬೀಗ. ಹಾಬರ್‌ಲಾಂಟ್ 1902ರಲ್ಲಿ ವಿಯೆನ್ನಾದ ವಿಜ್ಞಾನ ಅಕಾಡೆಮಿಗೆ ಹೋಗಿ ಅದನ್ನೇ ಮಂಡಿಸಿದ. ಆಗ ಆತನಿಗೆ ನಲವತ್ತೇಳು ವರ್ಷ. ಪ್ರಯೋಗ ಹೀಗೆ ಮಾಡಿದೆ, ಹೀಗೆ ಆಗಲಿಲ್ಲ ಎಂದು ಒಪ್ಪಿಸಿ, ಮುಂದಿನವರು ಏನು ಮಾಡಬಹುದು ಎಂಬುದನ್ನೂ ಸೇರಿಸಿದ. ಬೆಳೆಯುತ್ತಿರುವ ಕುಡಿಯ ಸಾರವನ್ನು ದ್ರಾವಣಕ್ಕೆ ಹಾಕಿ ನೋಡಬಹುದು. ಬೀಜದ ಗರ್ಭದೊಳಗಿನ ರಸವನ್ನು ಹಾಕಿ ನೋಡಬಹುದು. ಹೀಗೆ ಮಾಡುತ್ತ ಹೋದರೆ ಸಾಧಾರಣ ಕೋಶದಿಂದಲೇ ಒಂದು ದಿನ ಕೃತಕ ಭ್ರೂಣ ಬೆಳೆಸಬಹುದು. ನಾವು ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದಾಗ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿಡುತ್ತೇವೆ, ತಪ್ಪು ಸಿಕ್ಕಾಗ ಅಲ್ಲಿಂದ ತೆಗೆಯುತ್ತೇವೆ. ನನಗೆ ಆ ಪ್ರಬಂಧ ಅಂಥದ್ದಾಗಿ ಕಾಣುತ್ತದೆ. ಮೊತ್ತವನ್ನು ಮುಚ್ಚಿಡಲಿಲ್ಲ, ಸುಳ್ಳು ಲೆಕ್ಕ ಬರೆದು ಕೂಡಿಸಲಿಲ್ಲ, ಎಲ್ಲರಿಗೂ ಕಾಣುವಂತೆ ಬಿಟ್ಟು ಹೋದ.

ತಪ್ಪು ಎಲ್ಲಿತ್ತು ಎಂದು ಈಗ ಹೇಳುವುದು ಸುಲಭ. ಆತ ಆರಿಸಿಕೊಂಡದ್ದು ಪೂರ್ತಿ ಬಲಿತ ಕೋಶಗಳನ್ನು. ಕೆಲಸಕ್ಕೆ ಸೇರಿ ರಿಟೈರ್ ಆಗುವ ಹೊತ್ತಿನವರನ್ನು ಮತ್ತೆ ಒಂದನೇ ಇಯತ್ತೆಗೆ ಕೂರಿಸಿದ ಹಾಗೆ. ಇನ್ನೊಂದು, ಕೋಶ ಒಡೆಯಬೇಕಾದರೆ ಬರೀ ಊಟ ಸಾಲದು, ಅಪ್ಪಣೆಯೂ ಬೇಕು. ಆ ಅಪ್ಪಣೆ ಕೊಡುವ ಹಾರ್ಮೋನುಗಳು 1902ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕ್ಸಿನ್ ಬಂದದ್ದು 1920ರ ದಶಕದಲ್ಲಿ, ಕೈನೆಟಿನ್ 1955ರಲ್ಲಿ. ವಿಚಿತ್ರವೆಂದರೆ ಆ ದಾರಿಯ ಮೊದಲ ಹೆಜ್ಜೆಯನ್ನೂ ಹಾಬರ್‌ಲಾಂಟನೇ ಇಟ್ಟ. 1910ರಲ್ಲಿ ಗುರು ಶ್ವೆಂಡನರನ ಕುರ್ಚಿಗೆ ಬರ್ಲಿನ್ನಿಗೆ ಹೋದ ಮೇಲೆ, 1913ರಲ್ಲಿ, ಬಟಾಟೆಯ ಚೂರುಗಳಲ್ಲಿ ಒಂದು ವಿಷಯ ಕಂಡ. ಆಹಾರ ಸಾಗಿಸುವ ನಾಳದ ತುಣುಕು ಇರುವ ಚೂರಿನಲ್ಲಿ ಕೋಶಗಳು ಒಡೆಯುತ್ತವೆ, ಅದು ಇಲ್ಲದ ಚೂರಿನಲ್ಲಿ ಅಷ್ಟಕ್ಕಷ್ಟೆ. ಮುಂದೆ ನವಿಲುಕೋಸಿನ ಮೇಲೆ ಇನ್ನೂ ಚಂದದ ಪ್ರಯೋಗ. ಕೊಯ್ದ ಗಾಯವನ್ನು ನೀರಿನಿಂದ ತೊಳೆದುಬಿಟ್ಟರೆ ಕೋಶಗಳು ಒಡೆಯುವುದು ಬಹಳ ಕಡಿಮೆಯಾಗುತ್ತದೆ. ತೊಳೆದ ಗಾಯದ ಮೇಲೆ ಜಜ್ಜಿದ ಚೂರನ್ನು ಸವರಿದರೆ ಮತ್ತೆ ಒಡೆಯುತ್ತವೆ. ಗಾಯದಿಂದಲೇ ಏನೋ ಒಂದು ರಸ ಹೊರಟು ಕೋಶಗಳಿಗೆ ಹೇಳಿಕಳಿಸುತ್ತದೆ ಎಂದು ಆತ ತೀರ್ಮಾನಿಸಿದ. 1922ರಲ್ಲಿ ಆತನ ಶಿಷ್ಯ ವಾಲ್ಟರ್ ಕೊಟ್ಟೆ ಅದೇ ಬರ್ಲಿನ್ನಿನಲ್ಲಿ ಬೇರಿನ ಎಳೆಯ ತುದಿಗಳನ್ನು ದ್ರಾವಣದಲ್ಲಿ ಕೆಲವು ಕಾಲ ಬೆಳೆಸಿ ತೋರಿಸಿದ. ಬಲಿತದ್ದು ಬಿಟ್ಟು ಎಳೆಯದಕ್ಕೆ ಕೈ ಹಾಕಿದ್ದೇ ಗೆಲುವಿನ ಆರಂಭ. ಮರುವರ್ಷ, 1923ರಲ್ಲಿ, ಮೇಷ್ಟ್ರು ನಿವೃತ್ತರಾದರು.

ಇನ್ನು ಮಗನ ವಿಷಯ. ಇದನ್ನು ಬಿಟ್ಟರೆ ಆತನ ಜೀವನ ಅರ್ಧವೇ ಹೇಳಿದ ಹಾಗೆ.

ಮಗ ಲುಡ್ವಿಗ್ ಹುಟ್ಟಿದ್ದು 1885ರಲ್ಲಿ, ಗ್ರಾಟ್ಸ್‌ನಲ್ಲಿ. ಇನ್ಸ್‌ಬ್ರುಕ್‌ನಲ್ಲಿ ಶರೀರಶಾಸ್ತ್ರದ ಪ್ರೊಫೆಸರನಾದ. ತಂದೆ ಗಿಡದ ರಸಗಳ ಹಿಂದೆ ಬಿದ್ದ ಕಾಲಕ್ಕೇ ಮಗ ಪ್ರಾಣಿಗಳ ರಸಗಳ ಹಿಂದೆ ಬಿದ್ದ. ಗರ್ಭ ಧರಿಸಿದ ಮೊಲದ ಅಂಡಾಶಯವನ್ನು ಇನ್ನೊಂದು ಮೊಲಕ್ಕೆ ಕಸಿ ಮಾಡಿದರೆ ಆ ಎರಡನೇ ಮೊಲ ಕೆಲ ಕಾಲ ಗರ್ಭ ಧರಿಸುವುದಿಲ್ಲ ಎಂದು 1919ರ ಹೊತ್ತಿಗೆ ಕಂಡ. ಹಾಗಾದರೆ ಆ ರಸವನ್ನೇ ಗುಳಿಗೆ ಮಾಡಿ ಹೆಂಗಸರಿಗೆ ಕೊಟ್ಟರೆ ಬೇಕಾದಾಗ ಮಾತ್ರ ಮಗು ಎಂಬಂತಾಗಲಿಲ್ಲವೇ? ಆತ ಇದನ್ನು ಬರೆದ, ಭಾಷಣ ಮಾಡಿದ, ಬುಡಾಪೆಸ್ಟಿನ ಔಷಧ ಕಂಪನಿಯೊಂದರ ಜೊತೆ ಔಷಧಿ ತಯಾರಿಸಲು ಹೊರಟ. ಆ ಕಾಲದಲ್ಲಿ ಇಂಥ ಮಾತು ಎಷ್ಟು ಜನರಿಗೆ ಸಿಟ್ಟು ತರಿಸಿರಬೇಕು ಎಂದು ಊಹಿಸಿಕೊಳ್ಳಿ. ವಿರೋಧ ಜೋರಾಗಿಯೇ ಬಂತು. 1932ರ ಜುಲೈನಲ್ಲಿ ಲುಡ್ವಿಗ್ ತನ್ನ ಜೀವ ತಾನೇ ಕಳೆದುಕೊಂಡ. ಆತನಿಗೂ ಆಗ ನಲವತ್ತೇಳು. ಸೋತ ಪ್ರಯೋಗವನ್ನು ಹಿಡಿದುಕೊಂಡು ತಂದೆ ವಿಯೆನ್ನಾದಲ್ಲಿ ನಿಂತದ್ದೂ ಅದೇ ವಯಸ್ಸಿನಲ್ಲಿ.

ಎಪ್ಪತ್ತೇಳು ವರ್ಷದ ತಂದೆ ಇದನ್ನು ನೋಡಿ ಬದುಕಬೇಕಾಯಿತು. ಮರುವರ್ಷ, 1933ರಲ್ಲಿ, ಆತನ ಆತ್ಮಕಥೆ ಪ್ರಕಟವಾಯಿತು. ಆ ಮನೆಯೊಳಗೆ ಏನು ನಡೆದಿರಬಹುದು ಎಂದು ಕಥೆಗಾರನಂತೆ ಕಲ್ಪಿಸಿ ಬರೆಯುವ ಧೈರ್ಯ ನನಗಿಲ್ಲ.

1934ರಲ್ಲಿ ಅಮೆರಿಕದ ಫಿಲಿಪ್ ವೈಟ್ ಟೊಮೆಟೊ ಬೇರನ್ನು ದ್ರಾವಣದಲ್ಲಿ ನಿಲ್ಲಿಸದೆ ಬೆಳೆಸಿದ. 1939ರಲ್ಲಿ ವೈಟ್, ಫ್ರಾನ್ಸಿನ ಗೋತೆರೆ, ನೊಬೆಕೂರ್ ಈ ಮೂವರೂ ಬೇರೆಬೇರೆಯಾಗಿ ಗಜ್ಜರಿ, ತಂಬಾಕುಗಳ ಅಂಗಾಂಶವನ್ನು ಬಾಟಲಿಯಲ್ಲಿ ಎಷ್ಟು ದಿನ ಬೇಕಾದರೂ ಬೆಳೆಸಬಹುದೆಂದು ತೋರಿಸಿದರು. ಹಾಬರ್‌ಲಾಂಟ್‌ಗೆ ಆಗ ಎಂಬತ್ನಾಲ್ಕರ ಮೇಲೆ. ಅಷ್ಟರಲ್ಲಿ ಯುದ್ಧ ಬಂತು. 1941ರಲ್ಲಿ ಅಮೆರಿಕದಲ್ಲಿ ದತ್ತೂರಿಯ ಎಳೆ ಭ್ರೂಣಗಳಿಗೆ ಎಳನೀರು ಹಾಕಿ ಬೆಳೆಸಿದರು. ಎಳನೀರು ಅಂದರೆ ಮತ್ತೇನು, ಬೀಜದೊಳಗಿನ ರಸ. 1902ರ ಪ್ರಬಂಧದ ಸೂಚನೆ ತೆಂಗಿನಕಾಯಿಯ ರೂಪದಲ್ಲಿ ನಿಜವಾಯಿತು. 1945ರ ಜನವರಿ 30ರಂದು, ಯುದ್ಧದ ಕೊನೆಯ ಚಳಿಗಾಲದಲ್ಲಿ, ಬಾಂಬು ಬಿದ್ದು ಹಾಳಾಗುತ್ತಿದ್ದ ಬರ್ಲಿನ್ನಿನಲ್ಲಿ ಹಾಬರ್‌ಲಾಂಟ್ ತೀರಿಕೊಂಡ. ತೊಂಬತ್ತು ತುಂಬಿತ್ತು.

ಈಗ ಮತ್ತೆ ಆರ್ಕಿಡ್. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇಲ್ಲ. ಕಾಡಿನಲ್ಲಿ ಒಂದು ಜಾತಿಯ ಶಿಲೀಂಧ್ರ ಬಂದು ಊಡಿದರೆ ಮಾತ್ರ ಮೊಳಕೆ. ಶಿಲೀಂಧ್ರ ಇಲ್ಲದೆಯೂ ಸಕ್ಕರೆ ಪಾಕದಲ್ಲಿ ಮೊಳಕೆ ಬರಿಸಬಹುದು ಎಂದು 1922ರಲ್ಲಿ ಅಮೆರಿಕದ ನಡ್ಸನ್ ತೋರಿಸಿದ. ಆದರೆ ಮಿಶ್ರತಳಿಯ ಬೀಜದಿಂದ ಬಂದ ಸಸಿ ತಾಯಿಯಂತೆಯೇ ಇರುತ್ತದೆಂಬ ಭರವಸೆ ಇಲ್ಲ. ಬುಡ ಒಡೆದು ನೆಟ್ಟರೆ ತಾಯಿಯಂತೆ ಇರುತ್ತದೆ, ಆದರೆ ವರ್ಷಕ್ಕೆ ಒಂದೋ ಎರಡೋ. ಅದಕ್ಕೇ ಒಳ್ಳೆಯ ಒಂದು ಗಿಡ ಶ್ರೀಮಂತರ ಸೊತ್ತಾಗಿತ್ತು. ಫಿಲಿಪೈನ್ಸಿನ ಗವಿನೋ ರೋಟರ್ ಎಂಬವ ಅಮೆರಿಕದ ಕಾರ್ನೆಲ್‌ನಲ್ಲಿದ್ದಾಗ ಹೂವಿನ ದಂಟಿನ ಗಿಣ್ಣನ್ನೇ ಕತ್ತರಿಸಿ ಬಾಟಲಿಯಲ್ಲಿ ಸಸಿ ಮಾಡಿದ್ದನ್ನು 1949ರಲ್ಲಿ ಪ್ರಕಟಿಸಿದ. ಅದನ್ನು ಹೆಚ್ಚು ಜನ ಗಮನಿಸಲಿಲ್ಲ, ಕೀರ್ತಿ ಹೋದದ್ದು ಫ್ರಾನ್ಸಿನ ಜಾರ್ಜ್ ಮೊರೆಲ್‌ಗೆ. ಇದು ನ್ಯಾಯವೇ ಎಂದು ನನಗೂ ಅನುಮಾನ.

ಮೊರೆಲ್ ಹೊರಟದ್ದು ಸಂಖ್ಯೆ ಹೆಚ್ಚಿಸಲಿಕ್ಕಲ್ಲ, ರೋಗ ಬಿಡಿಸಲಿಕ್ಕೆ. ವೈರಸ್ ಹತ್ತಿದ ಗಿಡದಲ್ಲೂ ಕುಡಿಯ ತುತ್ತತುದಿಗೆ ಸಾಮಾನ್ಯವಾಗಿ ವೈರಸ್ ಮುಟ್ಟಿರುವುದಿಲ್ಲ. 1952ರಲ್ಲಿ ಆತ ಮತ್ತು ಮಾರ್ಟಿನ್ ಡೇಲಿಯಾ ಗಿಡವನ್ನು ಹೀಗೆ ಶುದ್ಧ ಮಾಡಿದ್ದರು. 1960ರಲ್ಲಿ ಸಿಂಬಿಡಿಯಂ ಎಂಬ ಆರ್ಕಿಡ್. ಕುಡಿಯ ಎಲೆಹೊದಿಕೆಗಳನ್ನು ಭೂತಗನ್ನಡಿಯ ಕೆಳಗೆ ಒಂದೊಂದಾಗಿ ಸುಲಿದು, ಮಿಲಿಮೀಟರಿಗಿಂತ ಸಣ್ಣ ತುದಿಯನ್ನು ಕತ್ತರಿಸಿ ಪಾಕದ ಮೇಲೆ ಇಟ್ಟ. ನೇರ ಸಸಿ ಬರಲಿಲ್ಲ. ಬೀಜ ಮೊಳೆತಾಗ ಬರುವಂಥ ಒಂದು ಹಸಿರು ಗುಂಡು ಬಂತು. ಅದನ್ನು ನಾಲ್ಕು ಹೋಳು ಮಾಡಿದರೆ ಪ್ರತಿ ಹೋಳಿನಿಂದ ಹೊಸ ಗುಂಡುಗಳು. ಕತ್ತರಿಸುವುದನ್ನು ನಿಲ್ಲಿಸಿದರೆ ಎಲೆ, ಬೇರು ಬಿಟ್ಟು ಸಸಿ. ಇದನ್ನು ಓದಿದಾಗ ಕಾಮರ್ಸಿನವನ ಕೈ ಸುಮ್ಮನಿರಲಿಲ್ಲ. ಒಂದು ನಾಲ್ಕು, ನಾಲ್ಕು ಹದಿನಾರು, ಹೀಗೆ ಚಕ್ರಬಡ್ಡಿಯಂತೆ ಹನ್ನೊಂದು ಸುತ್ತು ಹೋದರೆ 41,94,304. ಒಂದು ಕುಡಿಯಿಂದ ವರ್ಷಕ್ಕೆ ನಲವತ್ತು ಲಕ್ಷಕ್ಕೂ ಮಿಕ್ಕಿ ಗಿಡ ಎಂದು ಮೊರೆಲ್ ಹಾಕಿದ ಲೆಕ್ಕವೂ ಇದರ ಹತ್ತಿರವೇ ಇದೆ. ಕಾಗದದ ಮೇಲಿನ ಲೆಕ್ಕ ಬಿಡಿ, ಅಷ್ಟು ಬಾಟಲಿ ಯಾರು ತೊಳೀತಾರೆ? ಆದರೆ ಶ್ರೀಮಂತರ ಹೂವು ಪೇಟೆಗೆ ಬಂದದ್ದು ಈ ಗುಣಾಕಾರದಿಂದ. ಗರ್ಭನಿರೋಧಕ ಗುಳಿಗೆಗೆ ಅಮೆರಿಕದಲ್ಲಿ ಸರಕಾರದ ಒಪ್ಪಿಗೆ ಸಿಕ್ಕಿದ್ದೂ ಅದೇ 1960ರಲ್ಲಿ. ತಂದೆ ಕಂಡದ್ದೂ ಮಗ ಕಂಡದ್ದೂ ಒಂದೇ ವರ್ಷ ಕೈಗೂಡಿತು, ಮನೆಯಲ್ಲಿ ಇಬ್ಬರೂ ಇಲ್ಲದಾಗ.

ಕಾಂಡದ ತುದಿ ಅಂದರೆ ಸಾವಿರಾರು ಕೋಶಗಳ ಗುಂಪು, ಒಂದೇ ಕೋಶವಲ್ಲ ಎಂದು ಯಾರಾದರೂ ತಕರಾರು ಮಾಡಬಹುದು. ನ್ಯಾಯವಾದ ತಕರಾರು. 1958ರಲ್ಲಿ ಸ್ಟೂವರ್ಡ್ ಗಜ್ಜರಿಯ ಕೋಶಗಳನ್ನು ಎಳನೀರಿನ ದ್ರಾವಣದಲ್ಲಿ ಅಲ್ಲಾಡಿಸಿ ಭ್ರೂಣದಂಥ ಸಸಿಗಳನ್ನು ಪಡೆದ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಎಸ್. ಸಿ. ಮಾಹೇಶ್ವರಿ ದತ್ತೂರಿಯ ಪರಾಗದಿಂದಲೇ ಭ್ರೂಣ ಬೆಳೆಸಿದರು. 1965ರಲ್ಲಿ ವಿಮಲಾ ವಸಿಲ್ ಮತ್ತು ಹಿಲ್ಡೆಬ್ರಾಂಟ್ ಅಮೆರಿಕದಲ್ಲಿ ತಂಬಾಕಿನ ಒಂದೇ ಒಂದು ಕೋಶವನ್ನು ಬೇರೆ ಇಟ್ಟು, ಅದರಿಂದ ಪೂರ್ತಿ ಗಿಡ ತೆಗೆದರು. ಸಸ್ಪೆನ್ಸ್ ಖಾತೆ ಅವತ್ತಿಗೆ ಮುಗಿಯಿತು ಅನ್ನಬಹುದು. ನಮ್ಮ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ 1990ರಲ್ಲಿ, ದಶಕಗಳಿಗೊಮ್ಮೆ ಹೂ ಬಿಡುವ ಬಿದಿರನ್ನು ಬಾಟಲಿಯೊಳಗೇ ಹೂ ಬಿಡಿಸಿದ್ದು ಕೂಡ ಇದೇ ವಂಶದ ಕೆಲಸ. ಟಿಶ್ಯೂ ಬಾಳೆ ಎಂದು ನಮ್ಮ ರೈತರು ಕರೆಯುವುದೂ ಇದನ್ನೇ.

ಆದರೆ ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಬೇರೊಂದು. ಹಾಬರ್‌ಲಾಂಟ್ ಆರಿಸಿಕೊಂಡ ಆ ಬಲಿತ, ಎಲೆಯ ಕಂಬದ ಸಾಲಿನ ಕೋಶಗಳೇ ತಪ್ಪು ಎಂದು ಎಲ್ಲರೂ ಹೇಳುತ್ತಿದ್ದರಲ್ಲ. ಬಾಲ್ ಮತ್ತು ಜೋಶಿ ಎಂಬಿಬ್ಬರು ಶೇಂಗಾ ಗಿಡದ ಎಲೆಯಿಂದ ಸರಿಯಾಗಿ ಅವೇ ಕೋಶಗಳನ್ನು ಬಿಡಿಬಿಡಿಯಾಗಿ ತೆಗೆದು ದ್ರಾವಣದಲ್ಲಿ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಕಾದು ಕೂತರು. 1965ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ ಒಂದು ಕೋಶದ ನಡುವೆ ಗೋಡೆ ಎದ್ದಿತು, ಒಂದು ಎರಡಾಯಿತು.